ಕೇಳದೇ ಬರೆದ ಒಂಬತ್ತು ಉತ್ತರಗಳು

ನಮ್ಮ ಆಸ್ಪತ್ರೆಗೆ ಬರುವ ಬಸುರಿಯರೆಲ್ಲ ಮೊದಲು ನನ್ನ ಮೇಜಿನ ಮುಂದೆ ಕೂರಬೇಕು. ತೂಕ ನೋಡುವುದು, ರಕ್ತ ಕೊಡುವುದು, ಡಾಕ್ಟರಮ್ಮನ ಕೋಣೆಯ ಮುಂದೆ ಸಾಲು ನಿಲ್ಲುವುದು ಎಲ್ಲ ಆಮೇಲೆ. ಹದಿನಾಲ್ಕು ವರ್ಷಗಳಿಂದ ಈ ಮೇಜಿನ ಹಿಂದೆ ಕೂತು ಫಾರಂ ತುಂಬುತ್ತಿದ್ದೇನೆ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರಮ್ಮನವರೆಗೆ ಎಲ್ಲರಿಗೂ ನಾನು ಫಾರಂ ಅಕ್ಕ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನನ್ನ ಬಗ್ಗೆ ಹೇಳುತ್ತಾರೆ. ಸುಳ್ಳೇನಲ್ಲ.

ಫಾರಂನ ಮೊದಲ ಪುಟದಲ್ಲಿ ಹೆಸರು, ವಯಸ್ಸು, ವಿಳಾಸ, ಕೊನೆಯ ಮುಟ್ಟಿನ ತಾರೀಕು. ಎರಡನೆಯ ಪುಟದಲ್ಲಿ ಒಂಬತ್ತು ಪ್ರಶ್ನೆ. ಹಿಂದೆ ಯಾವಾಗಲಾದರೂ ನಾಳದಲ್ಲಿ ಬಸಿರು ನಿಂತಿತ್ತೇ? ಕೆಳಹೊಟ್ಟೆಯ ಆಪರೇಷನ್ ಆಗಿದೆಯೇ? ಗರ್ಭಕೋಶಕ್ಕೋ ನಾಳಕ್ಕೋ ಸೋಂಕು ತಗುಲಿ ಜ್ವರ ಬಂದಿತ್ತೇ? ಗರ್ಭ ತೆಗೆಸಿದ್ದುಂಟೇ? ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಂಡಿದ್ದಿರಾ? ಮಕ್ಕಳಾಗದಂತೆ ಆಪರೇಷನ್ ಆದ ಮೇಲೂ ಬಸಿರಾಗಿದ್ದೀರಾ? ಮಕ್ಕಳಾಗಲೆಂದು ಚಿಕಿತ್ಸೆ ತೆಗೆದುಕೊಂಡಿದ್ದಿರಾ? ಸಿಗರೇಟು ಸೇದುವ ಅಭ್ಯಾಸ ಇದೆಯೇ? ವಯಸ್ಸು ಮೂವತ್ತೈದು ದಾಟಿದೆಯೇ? ಒಂದೊಂದರ ಮುಂದೆಯೂ ಎರಡು ಚೌಕ. ಒಂದು ಹೌದು, ಒಂದು ಇಲ್ಲ.

ಇದೆಲ್ಲ ಯಾಕೆಂದರೆ, ನೂರು ಬಸುರಿಯರಲ್ಲಿ ಒಬ್ಬರಿಗೋ ಇಬ್ಬರಿಗೋ ಬಸಿರು ಗರ್ಭಕೋಶ ಮುಟ್ಟದೆ ದಾರಿಯಲ್ಲೇ, ಆ ಸಣ್ಣ ನಾಳದೊಳಗೇ ಕೂತುಬಿಡುತ್ತದೆ. ಅಲ್ಲಿ ಅದು ಬೆಳೆದು ಮಗುವಾಗುವ ಮಾತೇ ಇಲ್ಲ. ಬೆಳೆಯಲು ಹೊರಟರೆ ನಾಳ ಒಡೆದು ರಕ್ತವೆಲ್ಲ ಹೊಟ್ಟೆಯೊಳಗೇ ಹರಿಯುತ್ತದೆ. ಬೇಗ ಗೊತ್ತಾದರೆ ಎಷ್ಟೋ ಸಲ ಔಷಧಿಯಲ್ಲೇ ಮುಗಿಸಬಹುದು, ನಾಳವೂ ಉಳಿಯುತ್ತದೆ. ಆ ಒಂಬತ್ತರಲ್ಲಿ ಒಂದಕ್ಕಾದರೂ ಹೌದು ಎಂದರೆ ನಾನು ಫಾರಂಗೆ ಕೆಂಪು ಚೀಟಿ ಪಿನ್ ಮಾಡಬೇಕು. ಕೆಂಪು ಚೀಟಿ ಇದ್ದವಳಿಗೆ ಅವತ್ತೇ ಸ್ಕ್ಯಾನ್, ಅವತ್ತೇ ರಕ್ತ ಪರೀಕ್ಷೆ, ಎರಡು ದಿನ ಬಿಟ್ಟು ಮತ್ತೊಮ್ಮೆ. ಇಲ್ಲದವರು ಎಂಟು ವಾರ ತುಂಬಿದ ಮೇಲೆ ಸ್ಕ್ಯಾನಿಗೆ ಬಂದರೆ ಸಾಕು. ಇರುವುದೊಂದೇ ಯಂತ್ರ, ಬರುವವರು ಊರೆಲ್ಲ. ಹಾಗಾಗಿ ಈ ಕ್ರಮ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂಬತ್ತನ್ನೂ ಕೇಳುತ್ತಿದ್ದೆ. ಕಷ್ಟ ಏನೆಂದರೆ ಬಸುರಿ ಒಬ್ಬಳೇ ಬರುವುದಿಲ್ಲ. ಪಕ್ಕದಲ್ಲಿ ಅತ್ತೆಯೋ ಗಂಡನೋ ನಾದಿನಿಯೋ ನಿಂತಿರುತ್ತಾರೆ, ಪ್ರಶ್ನೆ ಅವಳಿಗೆ, ಉತ್ತರ ಅವರದು. "ಗರ್ಭ ತೆಗೆಸಿದ್ದುಂಟಾ" ಅಂದರೆ ಅತ್ತೆ ನನ್ನನ್ನೇ ನುಂಗುವ ಹಾಗೆ ನೋಡುತ್ತಾಳೆ. "ನಮ್ಮ ಮನೆ ಸೊಸೆಗೆ ಅಂಥದ್ದೆಲ್ಲ ಕೇಳ್ತೀರಲ್ಲ, ನಿಮಗೆ ಹೆಣ್ಮಕ್ಕಳಿಲ್ವಾ" ಅಂತ ಒಬ್ಬಾಕೆ ನನ್ನ ಮೇಲೇ ಹರಿಹಾಯ್ದಿದ್ದಳು. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಜೊತೆಗೆ ಬಂದವರ ಕೈಗೆ ಏನಾದರೊಂದು ಕಾಗದ ಕೊಟ್ಟು, "ಎದುರು ಅಂಗಡಿಗೆ ಹೋಗಿ ಇದನ್ನ ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ" ಅಂತ ಓಡಿಸುತ್ತಿದ್ದೆ. ಆ ಕಾಗದ ಯಾವ ಕೆಲಸಕ್ಕೂ ಬಾರದ್ದು. ಅವರು ರಸ್ತೆ ದಾಟಿ ಬರುವಷ್ಟರಲ್ಲಿ ಹುಡುಗಿಯರು ಬಾಯಿ ಬಿಡುತ್ತಿದ್ದರು. ಐದರಲ್ಲಿ ಒಬ್ಬಳಾದರೂ ಹೌದು ಅನ್ನುತ್ತಿದ್ದಳು. ಕೆಲವರು ಅಳುತ್ತಿದ್ದರು. ನಾನು ಗದರುತ್ತಿದ್ದೆ, ಗದರುತ್ತಲೇ ಕೆಂಪು ಚೀಟಿ ಸಿಕ್ಕಿಸುತ್ತಿದ್ದೆ.

ಆಮೇಲೆ ಪಕ್ಕದ ಮೇಜಿನಾಕೆ ನಿವೃತ್ತಳಾದಳು, ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಮೂವತ್ತು ಫಾರಂ ಎಪ್ಪತ್ತಾಯಿತು. ಆಸ್ಪತ್ರೆಯವರು ಜೆರಾಕ್ಸ್ ಯಂತ್ರವನ್ನು ನನ್ನ ಬೆನ್ನ ಹಿಂದೆಯೇ ತಂದಿಟ್ಟರು, ಉಪಾಯವೂ ಕೈಕೊಟ್ಟಿತು. ಎಲ್ಲರ ಎದುರಿಗೇ ಕೇಳತೊಡಗಿದೆ. ಎಲ್ಲದಕ್ಕೂ ಇಲ್ಲ. ದಿನಕ್ಕೆ ಎಪ್ಪತ್ತು ಜನರ ಬಾಯಲ್ಲಿ ಅದೇ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು. ಹೇಗೂ ಇಲ್ಲ ಅನ್ನುವವರನ್ನು ಕೇಳಿ ಬೈಸಿಕೊಳ್ಳುವುದು ಯಾಕೆ ಅನ್ನಿಸಿತು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ, ಚಹಾ ಕುಡಿಯುತ್ತಾ, ಎಪ್ಪತ್ತು ಫಾರಂಗಳಿಗೂ ಒಂಬತ್ತು ಕಡೆ ಇಲ್ಲ ಅಂತ ಗುರುತು ಹಾಕಿ ಜೋಡಿಸಿಡಲು ಶುರು ಮಾಡಿದೆ. ಯಾರಾದರೂ ತಾವಾಗಿಯೇ ಬಾಯಿಬಿಟ್ಟರೆ ಇಲ್ಲ ಅನ್ನುವುದನ್ನು ಹೊಡೆದು ಹಾಕಿ ಹೌದು ಮಾಡುತ್ತಿದ್ದೆ. ತಿಂಗಳಿಗೆ ಎರಡೋ ಮೂರೋ. ಉಳಿದವರ ಮುಖ ನೋಡಿದರೇ ನನಗೆ ಗೊತ್ತಾಗುತ್ತದೆ, ಹೆಂಗಸಿನ ನಡಿಗೆ ನೋಡಿ ಎಷ್ಟನೇ ತಿಂಗಳು ಅಂತ ಹೇಳುವವಳು ನಾನು ಅಂತ ಬೇರೆ ಬೀಗುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು. ಯಾರೂ ನನ್ನನ್ನು ಕೇಳಲಿಲ್ಲ. ಫಾರಂ ಅಕ್ಕನ ಕೆಲಸ ಚಕಚಕ ಅಂತ ಎಲ್ಲರೂ ಹೊಗಳಿದರು.

ನನ್ನ ತಂಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಮನೆಯಲ್ಲಿ ಅವಳನ್ನು ಪುಟ್ಟಿ ಅನ್ನುತ್ತೇವೆ. ಮೂವತ್ತೊಂದಾದರೂ ಪುಟ್ಟಿಯೇ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ಸಂಜೆ ಮನೆಗೆ ಬಂದರೆ ಉಗುರಿನ ಸಂದಿಯಲ್ಲೆಲ್ಲ ಬಿಳಿ ಪುಡಿ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಬಾಯಿ ಸತ್ತ ಪಾಪದ ಮನುಷ್ಯ. ಅತ್ತೆ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು, ಬೀದಿಯವರೆಲ್ಲ ಟೀಚರಮ್ಮ ಅನ್ನುತ್ತಾರೆ. ಆಕೆ ಬೈಯುವುದಿಲ್ಲ. ಸುಮ್ಮನೆ ಕನ್ನಡಕದ ಮೇಲಿಂದ ನೋಡುತ್ತಾಳೆ, ಅದೇ ಸಾಕು. ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಾಗಿರಲಿಲ್ಲ. ಟೀಚರಮ್ಮ ಒಂದು ದಿನವೂ ಆಡಿ ತೋರಿಸಲಿಲ್ಲ, ಆದರೆ ಬೀದಿಯ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಸೊಸೆಯ ಕೈಯಲ್ಲೇ ಉಡುಗೊರೆ ಕಳಿಸುತ್ತಿದ್ದಳು. ಪುಟ್ಟಿ ಕೊಟ್ಟು ಬಂದು ನನಗೆ ಫೋನ್ ಮಾಡುತ್ತಿದ್ದಳು. ಮಾತಿಲ್ಲ. ಸುಮ್ಮನೆ ಫೋನ್ ಹಿಡಿದುಕೊಂಡಿರುತ್ತಿದ್ದಳು.

ಮುಟ್ಟು ನಿಂತಿದೆ ಅಂತ ಅವಳು ಸುದ್ದಿ ಹೇಳಿದ ದಿನ ನಾನು ಸಾಲಿನಲ್ಲಿದ್ದ ಮೂವತ್ತು ಜನರನ್ನು ಹಾಗೇ ಬಿಟ್ಟು ಆಸ್ಪತ್ರೆಯ ಬಚ್ಚಲಿಗೆ ಹೋಗಿ ಅತ್ತಿದ್ದೆ. ಮರುದಿನವೇ ಕರೆಸಿದೆ.

ಅವತ್ತು ಪುಟ್ಟಿ ಅತ್ತೆಯ ಜೊತೆ ಬಂದಳು. ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಪರೀಕ್ಷೆಗೆ ಹೊರಟವಳ ಹಾಗಿದ್ದಳು. ನಾನು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂರಿಸಿದೆ. ಹಿಂದೆ ಗೊಣಗಾಟ ಎದ್ದಿತು. "ಯಾರ್ರೀ ಅದು ಗೊಣಗ್ತಿರೋದು, ಮುಂದೆ ಬಂದು ಹೇಳಿ" ಅಂದೆ. ಯಾರೂ ಬರಲಿಲ್ಲ. ಜೋಡಿಸಿಟ್ಟ ರಾಶಿಯಿಂದ ಒಂದು ಫಾರಂ ಎಳೆದುಕೊಂಡೆ. ಹೆಸರು, ವಯಸ್ಸು, ವಿಳಾಸ ನಾನೇ ಬರೆದುಕೊಂಡೆ. ಮುಟ್ಟಿನ ತಾರೀಕು ಮಾತ್ರ ಕೇಳಿದೆ. ಎರಡನೆಯ ಪುಟ ತಿರುವಿದೆ. ಒಂಬತ್ತಕ್ಕೂ ಬೆಳಿಗ್ಗೆಯೇ ಗುರುತು ಬಿದ್ದಿತ್ತು. ನನ್ನ ಕಣ್ಮುಂದೆ ಬೆಳೆದ ತಂಗಿ, ಅವಳಿಗೆ ಕೇಳುವುದೇನಿದೆ. ಅವಳ ಮೊದಲ ಹಲ್ಲು ಬಿದ್ದ ದಿನ ಗೊತ್ತು ನನಗೆ. ಟೀಚರಮ್ಮ ಬಗ್ಗಿ ಫಾರಂ ನೋಡಿ, "ಎಲ್ಲಾ ಇಲ್ಲ ಅಲ್ವಾ, ಒಳ್ಳೇದಾಯ್ತು" ಅಂದಳು. "ನಮ್ಮ ಪುಟ್ಟಿ ಪುಟ ಕ್ಲೀನ್ ಇದೆ ಅಮ್ಮಾ" ಅಂತ ನಾನು ಹೆಮ್ಮೆಯಿಂದ ಹೇಳಿದೆ. ಸಹಿ ಹಾಕಿಸಿದೆ. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು.

ದೊಡ್ಡ ಡಾಕ್ಟರಮ್ಮನ ಕೋಣೆಗೆ ನಾನೇ ಕರೆದುಕೊಂಡು ಹೋದೆ. ಐದೂವರೆ ವಾರ ಅಂತ ಲೆಕ್ಕ ಹಾಕಿದರು.

"ಎಡಗಡೆ ಸ್ವಲ್ಪ ಎಳೆದ ಹಾಗೆ ಆಗುತ್ತೆ ಮೇಡಂ," ಅಂದಳು ಪುಟ್ಟಿ. "ಮೊನ್ನೆ ಒಂದು ಚುಕ್ಕೆ ರಕ್ತ ಕಾಣಿಸ್ತು. ಆಮೇಲಿಲ್ಲ."

ಡಾಕ್ಟರಮ್ಮ ಫಾರಂ ತಿರುವಿ ಎರಡನೆಯ ಪುಟ ನೋಡಿದರು. ಕೆಂಪು ಚೀಟಿ ಇಲ್ಲ. ಹೊಟ್ಟೆ ಒತ್ತಿ ನೋಡಿದರು.

"ಮೊದಮೊದಲು ಹೀಗಾಗೋದು ಎಷ್ಟೋ ಜನಕ್ಕೆ ಇರುತ್ತೆ. ಈಗ ಸ್ಕ್ಯಾನ್ ಮಾಡಿದ್ರೂ ಏನೂ ಸರಿಯಾಗಿ ಕಾಣಲ್ಲ. ಹಿಂದೆ ಸೋಂಕು, ಆಪರೇಷನ್ ಏನಾದ್ರೂ ಇದ್ದಿದ್ರೆ ಬೇರೆ ಮಾತು. ನಿಮ್ಮದು ಹಾಗಿಲ್ಲ. ಎರಡೂವರೆ ವಾರ ಬಿಟ್ಟು ಬನ್ನಿ. ನೋವು ಜಾಸ್ತಿ ಆದ್ರೆ ಮಾತ್ರ ಕಾಯಬೇಡಿ."

ಪುಟ್ಟಿ ಸರಿ ಅಂದಳು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ಗಟ್ಟಿಯಾಗಿ ಅದುಮಿದಳು. ಸಂತೋಷಕ್ಕೆ ಅಂದುಕೊಂಡೆ.

ಆರನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವಳು ಭುಜ ನೋಯುತ್ತಿದೆ ಅಂದಳಂತೆ. ಬಗ್ಗಿ ಕೆಲಸ ಮಾಡಿ ಹಿಡಿದುಕೊಂಡಿರಬೇಕು ಅಂತ ಅಂಗಡಿಯವನು ಮುಲಾಮು ಕೊಟ್ಟನಂತೆ. ಭುಜದ ನೋವು ಭುಜದ್ದಲ್ಲ, ಹೊಟ್ಟೆಯಲ್ಲಿ ರಕ್ತ ತುಂಬಿ ಮೇಲೆ ಒತ್ತಿದಾಗ ಹಾಗೆ ನೋಯುತ್ತದೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ, ಅದು ನಮ್ಮಲ್ಲಿ ಗೋಡೆಯ ಮೇಲೇ ಬರೆದು ಅಂಟಿಸಿದೆ. ಕಾಲು ಗಂಟೆಯಲ್ಲಿ ಅವಳು ಗಾಜು ಉಜ್ಜುವ ಯಂತ್ರದ ಪಕ್ಕದಲ್ಲೇ ಕುಸಿದಳು. ಕರೆತಂದಾಗ ತುಟಿ ಬಿಳುಚಿಕೊಂಡು ಗೋಡೆಯ ಸುಣ್ಣದ ಹಾಗಿತ್ತು, ಕೈ ತಣ್ಣಗಿತ್ತು. ಸ್ಟ್ರೆಚರ್ ನನ್ನ ಮೇಜನ್ನು ದಾಟಿಯೇ ಹೋಯಿತು. ಯಾರು ಅಂತ ಮುಖ ನೋಡುವ ಮುಂಚೆ ನಾನು "ಫಾರಂ ಆಯ್ತಾ" ಅಂತ ಕೇಳಿದ್ದೆ. ಹದಿನಾಲ್ಕು ವರ್ಷದ ಬಾಯಿ ಅದು.

ಆಪರೇಷನ್ ನಡೆಯುವಷ್ಟು ಹೊತ್ತೂ ಟೀಚರಮ್ಮ ಮತ್ತು ನಾನು ಒಂದೇ ಬೆಂಚಿನ ಮೇಲೆ ಕೂತಿದ್ದೆವು. ತಂಗಿಯ ಗಂಡ ರಕ್ತ ಕೊಡಲು ಹೋಗಿದ್ದ. ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುವುದು, ಹಾಕಿಕೊಳ್ಳುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದಳು.

"ಮಗು ಹೋದ್ರೆ ಹೋಗ್ಲಮ್ಮ," ಅಂದಳು ಕೊನೆಗೆ. "ಅವಳೊಬ್ಬಳು ಉಳಿದ್ರೆ ಸಾಕು. ನಾನು ಅವಳಿಗೆ ಉಡುಗೊರೆ ಕೊಟ್ಟು ಬಾ ಅಂತೆಲ್ಲಾ ಕಳಿಸ್ತಿದ್ದೆ. ಮಕ್ಕಳನ್ನ ಎತ್ತಿ ಆಡಿಸ್ಲಿ, ಮನಸ್ಸು ಹಗುರ ಆಗ್ಲಿ ಅಂತ. ಅವಳು ಬೇರೆ ಥರ ತಿಳ್ಕೊಂಡ್ಲೋ ಏನೋ."

ನಾಲ್ಕು ವರ್ಷ ಈ ಹೆಂಗಸನ್ನು ಮನಸ್ಸಿನಲ್ಲೇ ಶಪಿಸಿದ್ದೆ. ಆಕೆಯ ಕೈ ಹಿಡಿದುಕೊಂಡೆ.

ಡಾಕ್ಟರಮ್ಮ ಹೊರಗೆ ಬಂದು ಜೀವ ಉಳಿಯಿತು ಅಂತ ಹೇಳಿದರು. ಟೀಚರಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನನ್ನನ್ನು ಡಾಕ್ಟರಮ್ಮ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಎಡಗಡೆ ಟ್ಯೂಬ್ ಪೂರ್ತಿ ಒಡೆದಿತ್ತು, ತೆಗೆದಿದ್ದೀನಿ. ಎರಡು ಲೀಟರ್ ರಕ್ತ ಇತ್ತು ಹೊಟ್ಟೇಲಿ. ಬಲಗಡೆದೂ ಚೆನ್ನಾಗಿಲ್ಲ ಅಕ್ಕ. ತುದಿ ಮುಚ್ಕೊಂಡು ಊದ್ಕೊಂಡಿದೆ, ಸುತ್ತ ಎಲ್ಲಾ ಅಂಟ್ಕೊಂಡಿದೆ. ಹಳೇ ಸೋಂಕು. ಐದಾರು ವರ್ಷದ ಹಿಂದಿನದು ಇರಬೇಕು, ಸರಿಯಾಗಿ ಔಷಧಿ ಆಗಿಲ್ಲ. ಅದರಿಂದ ಇನ್ನು ಬಸಿರು ನಿಲ್ಲಲ್ಲ. ನಿಂತ್ರೂ ಅಲ್ಲೇ ನಿಲ್ಲುತ್ತೆ. ಅಷ್ಟೊಂದು ಸೋಂಕಿಗೆ ಜ್ವರ ಬರದೇ ಇರಲ್ಲ. ನೀವು ಕೇಳಿದ್ರಲ್ವಾ?"

ಮೇಜಿನ ಮೇಲೆ ಫಾರಂ ಬಿಚ್ಚಿಟ್ಟಿತ್ತು. ನನ್ನದೇ ಅಕ್ಷರ.

"ಕೇಳ್ದೆ," ಅಂದೆ. "ಇಲ್ಲ ಅಂದ್ಲು."

ಎಷ್ಟು ಸಲೀಸಾಗಿ ಬಂತು ಆ ಮಾತು. ಒಂದು ಉಸಿರೂ ಹೆಚ್ಚು ಹಿಡಿಯಲಿಲ್ಲ.

ಡಾಕ್ಟರಮ್ಮ ತಲೆಯಾಡಿಸಿದರು. "ಗೊತ್ತಿರಲ್ಲ ಕೆಲವರಿಗೆ. ಸಾಧಾರಣ ಜ್ವರ ಅಂದ್ಕೊಂಡಿರ್ತಾರೆ. ಇದು ಆದವರಲ್ಲಿ ಅರ್ಧದಷ್ಟು ಜನಕ್ಕೆ ಯಾವ ಕಾರಣವೂ ಇರಲ್ಲ. ನಮ್ಮಲ್ಲಂತೂ ಹತ್ತರಲ್ಲಿ ಒಂಬತ್ತು ಜನಕ್ಕೆ ಕಾರಣ ಸಿಗಲ್ಲ, ನಿಮ್ಮ ಫಾರಂ ನೋಡಿದ್ರೆ. ನಮ್ಮ ಕಡೆ ಯಾಕೆ ಹೀಗೆ ಅಂತ ನಾನು ಒಂದು ಸಲ ಮೀಟಿಂಗ್‌ನಲ್ಲೂ ಹೇಳಿದ್ದೆ." ಆಮೇಲೆ, "ಬಲಗಡೆ ವಿಷಯ ಅವಳಿಗೆ ನೀವೇ ಹೇಳಿ. ನೀವು ಅಕ್ಕ, ನೀವು ಹೇಳಿದ್ರೆ ತಡ್ಕೋತಾಳೆ," ಅಂದರು.

ಹತ್ತರಲ್ಲಿ ಒಂಬತ್ತು. ಅದು ಯಾಕೆ ಹಾಗೆ ಅಂತ ಆ ಇಡೀ ಆಸ್ಪತ್ರೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಮರುದಿನ ಬೆಳಿಗ್ಗೆ ನಾನು ಮೇಜಿಗೆ ಹೋಗಲಿಲ್ಲ. ಹಳೆಯ ಫಾರಂಗಳನ್ನು ಕಟ್ಟಿಡುವ ಕೋಣೆಗೆ ಹೋದೆ. ನಾಳ ಒಡೆದು ಆಪರೇಷನ್‌ಗೆ ಹೋದವರ ಕಟ್ಟುಗಳನ್ನು ಬೇರೆ ಕಪಾಟಿನಲ್ಲಿ ಇಡುತ್ತಾರೆ. ನೆಲದ ಮೇಲೆ ಕೂತು ಆರು ವರ್ಷದ್ದು ಬಿಚ್ಚಿದೆ. ಐವತ್ತೆಂಟು ಹೆಂಗಸರು. ಐವತ್ತೆರಡು ಜನರಿಗೆ ಕೆಂಪು ಚೀಟಿ ಇರಲಿಲ್ಲ. ಎರಡನೆಯ ಪುಟ ಒಂದೊಂದಾಗಿ ತಿರುವಿದೆ. ಗುರುತುಗಳೆಲ್ಲ ಒಂದೇ ಓರೆ, ಒಂದೇ ಒತ್ತು. ಮೇಲಿಂದ ಕೆಳಗೆ ಒಂದೇ ಸಮ ಎಳೆದುಕೊಂಡು ಹೋಗಿದ್ದು ಯಾರು ನೋಡಿದರೂ ತಿಳಿಯುವ ಹಾಗಿತ್ತು. ಯಾರೂ ನೋಡಿರಲಿಲ್ಲ. ಒಂದೆರಡರ ಮೂಲೆಯಲ್ಲಿ ಚಹಾ ಲೋಟದ ಕಲೆಯೂ ಇತ್ತು. ಒಂದು ಫಾರಂನ ಮೊದಲ ಪುಟದ ಮೇಲೆ ವಯಸ್ಸು ಮೂವತ್ತೆಂಟು ಅಂತ ನಾನೇ ಬರೆದಿದ್ದೆ. ಎರಡನೆಯ ಪುಟದಲ್ಲಿ ವಯಸ್ಸು ಮೂವತ್ತೈದು ದಾಟಿದೆಯೇ ಎಂಬುದಕ್ಕೆ ಇಲ್ಲ ಅಂತ ಇತ್ತು. ಆ ಫಾರಂನ ಮೇಲೆ ಅಡ್ಡಡ್ಡ, ಬೇರೆ ಯಾರದೋ ಅಕ್ಷರದಲ್ಲಿ, ಮೃತ ಎಂದು ಬರೆದಿತ್ತು.

ಇವರಲ್ಲಿ ಎಷ್ಟು ಜನಕ್ಕೆ ನಿಜವಾಗಿಯೂ ಕಾರಣ ಇರಲಿಲ್ಲ, ಎಷ್ಟು ಜನ ಕೇಳಿದ್ದರೆ ಹೇಳುತ್ತಿದ್ದರು, ಈಗ ಯಾರೂ ಹೇಳಲಾರರು. ಮುಖಗಳನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಒಂದೂ ಬರಲಿಲ್ಲ. ಮುಖ ನೋಡಿಯೇ ಎಲ್ಲ ತಿಳಿಯುವವಳು ನಾನು. ಕೇಳಿದ್ದರೂ ಆ ಮೂವತ್ತೆಂಟರವಳು ಬದುಕುತ್ತಿದ್ದಳೋ ಇಲ್ಲವೋ ಅಂತ ನನಗೆ ನಾನೇ ವಾದ ಮಾಡಿಕೊಂಡೆ. ಆ ವಾದಕ್ಕೆ ಬಲವಿರಲಿಲ್ಲ. ನೆಲದ ಮೇಲಿಂದ ಏಳಲು ಮನಸ್ಸಾಗದೆ ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದೆ. ಹೊರಗೆ ನನ್ನ ಮೇಜಿನ ಮುಂದೆ ಸಾಲು ಗಲಾಟೆ ಮಾಡುತ್ತಿರುವುದು ಕೇಳಿಸುತ್ತಿತ್ತು.

ಮೂರನೆಯ ದಿನ ಪುಟ್ಟಿ ದಿಂಬಿಗೆ ಒರಗಿ ಕೂರುವಷ್ಟಾದಳು. ಆ ವಾರ್ಡಿನಲ್ಲಿ ಆರು ಮಂಚ. ಪುಣ್ಯಕ್ಕೆ ಅವಳನ್ನು ಕೊನೆಯ ಚಿಕ್ಕ ಕೋಣೆಗೆ ಹಾಕಿಸಿದ್ದೆ, ಬಾಣಂತಿಯರ ಮಕ್ಕಳ ಅಳು ಅಲ್ಲಿಗೆ ಅಷ್ಟಾಗಿ ಕೇಳಿಸುವುದಿಲ್ಲ. ನಾನು ಹೋದಾಗ ಟೀಚರಮ್ಮ ಸೊಸೆಯ ಜಡೆ ಬಿಚ್ಚಿ ಸಿಕ್ಕು ಬಿಡಿಸುತ್ತಿದ್ದಳು.

"ಡಾಕ್ಟರಮ್ಮ ನನಗೆ ಹೇಳಿದ್ರು," ಅಂದಳು ಟೀಚರಮ್ಮ. "ಕಾರಣವೇ ಇರಲ್ವಂತೆ ಇದಕ್ಕೆ. ಯಾರ ತಪ್ಪೂ ಅಲ್ವಂತೆ. ಹಾಗಂತ ಇವಳಿಗೆ ಹೇಳ್ತಾ ಇದ್ದೆ, ಸುಮ್ನೆ ಏನೇನೋ ಯೋಚನೆ ಮಾಡ್ಬೇಡ ಅಂತ." ಬಾಚಣಿಗೆ ಇಟ್ಟು ಎದ್ದಳು. "ನೀವು ಮಾತಾಡ್ತಿರಿ. ನಾನು ಬಿಸಿನೀರು ತರ್ತೀನಿ."

ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಇವತ್ತು ಎಲ್ಲ ಹೇಳಿಬಿಡಬೇಕು ಅಂತ ನಿರ್ಧಾರ ಮಾಡಿಕೊಂಡೇ ಬಂದಿದ್ದೆ. ಎಲ್ಲಿಂದ ಶುರು ಮಾಡುವುದು ಅಂತ ಮಾತ್ರ ತಿಳಿದಿರಲಿಲ್ಲ. ಪುಟ್ಟಿಯೇ ಮೊದಲು ಮಾತಾಡಿದಳು.

"ಅಕ್ಕ, ನಿನಗೆ ಒಂದು ಮಾತು ಹೇಳ್ಬೇಕು ಅಂತಿದ್ದೆ. ಇಷ್ಟು ವರ್ಷ ಹೇಳೋಕೆ ಆಗ್ಲಿಲ್ಲ."

"ಏನೇ?"

"ಥ್ಯಾಂಕ್ಸ್ ಹೇಳ್ಬೇಕಿತ್ತು, ನೀನು ಬಾಯಿ ಬಿಡದೇ ಇದ್ದಿದ್ದಕ್ಕೆ." ಅವಳು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಮದುವೆಗೆ ಮುಂಚೆ ಹಾಸ್ಟೆಲ್‌ನಲ್ಲಿ ನಂಗೆ ಜ್ವರ ಬಂದು ಮಲ್ಗಿದ್ದಾಗ ನೀನು ಬಂದಿದ್ದೆ ನೋಡು. ನಾನು ಮಂಡಿ ಹೊಟ್ಟೆಗೆ ಒತ್ಕೊಂಡು ಮಲ್ಗಿದ್ದೆ. ಮಾತ್ರೆ ಎಲ್ಲಾ ಅಲ್ಲೇ ಸ್ಟೂಲ್ ಮೇಲೇ ಇತ್ತು, ಮುಚ್ಚಿಡೋ ಶಕ್ತೀನೂ ಇರ್ಲಿಲ್ಲ. ಆಸ್ಪತ್ರೇಲಿ ಕೆಲ್ಸ ಮಾಡೋಳು, ನೋಡಿದ ತಕ್ಷಣ ಗೊತ್ತಾಗಿರುತ್ತೆ ಅಂತ ನಂಗೆ ಕೈಕಾಲೇ ಆಡ್ಲಿಲ್ಲ. ನೀನು ಒಂದು ಮಾತೂ ಕೇಳ್ಲಿಲ್ಲ. ಅಮ್ಮನಿಗೆ ಫೋನ್ ಮಾಡಿ, ಹೊರಗಡೆ ತಿಂದು ಹೊಟ್ಟೆ ಕೆಡಿಸ್ಕೊಂಡಿದಾಳೆ ಅಷ್ಟೇ ಅಂದೆ. ಅವತ್ತು ನಾನು ಸಾಯೋಣ ಅಂತಿದ್ದೆ ಅಕ್ಕ. ನೀನು ಹಾಗಂದ ಮೇಲೆ ಬಿಟ್ಟೆ."

ಆ ದಿನ ನೆನಪಿದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಬ್ರೆಡ್ಡು, ಉಪ್ಪು ಸಕ್ಕರೆ ನೀರಿನ ಪುಡಿ ಇಟ್ಟು, ಬಾಯಿ ಚಪಲಕ್ಕೆ ಸಿಕ್ಕಿದ್ದೆಲ್ಲ ತಿಂದರೆ ಹೀಗೇ ಆಗೋದು ಅಂತ ಗದರಿ ಹೊರಟಿದ್ದೆ. ಸ್ಟೂಲಿನ ಮೇಲೆ ಮಾತ್ರೆ ಇತ್ತೋ ಇಲ್ಲವೋ ನಾನು ನೋಡಲೇ ಇಲ್ಲ. ಅಮ್ಮನಿಗೆ ಹೇಳಿದ್ದು ಸುಳ್ಳಲ್ಲ, ನಾನು ನಂಬಿದ್ದೇ ಅದು.

"ಯಾರು ಅಂತೆಲ್ಲ ಕೇಳ್ಬೇಡ," ಅಂದಳು. "ಬಸಿರು ಅಂತ ಗೊತ್ತಾದ ದಿನವೇ ಅವನು ಊರು ಬಿಟ್ಟ. ಗೆಳತಿ ಜೊತೆ ಹೋಗಿ ಯಾವುದೋ ಚಿಕ್ಕ ಕ್ಲಿನಿಕ್‌ನಲ್ಲಿ ತೆಗ್ಸಿದ್ದು. ಆಮೇಲೆ ಒಂಬತ್ತು ದಿನ ಜ್ವರ. ಮತ್ತೆ ಅಲ್ಲಿಗೆ ಹೋಗೋಕೆ ಧೈರ್ಯ ಆಗ್ಲಿಲ್ಲ."

"ಪುಟ್ಟಿ," ಅಂದೆ.

"ಮೊನ್ನೆ ಫಾರಂ ತುಂಬಿಸೋಕೆ ಬಂದಾಗ ನಾನು ತೀರ್ಮಾನ ಮಾಡ್ಕೊಂಡೇ ಬಂದಿದ್ದೆ ಗೊತ್ತಾ. ಆ ಪ್ರಶ್ನೆ ಕೇಳ್ತಾರೆ ಅಂತ ಗೊತ್ತಿತ್ತು, ನೀನೇ ಮನೇಲಿ ಎಷ್ಟು ಸಲ ಹೇಳಿಲ್ಲ. ಅತ್ತೆ ಪಕ್ಕದಲ್ಲಿದ್ರೂ ಪರವಾಗಿಲ್ಲ, ಹೌದು ಅಂದುಬಿಡೋಣ, ಮನೆಯಿಂದ ಆಚೆ ಹಾಕಿದ್ರೂ ಹಾಕ್ಲಿ, ಮಗು ವಿಷಯ ಅಂತ. ಬಸ್ಸಲ್ಲಿ ಬರ್ತಾ ಬಾಯಲ್ಲಿ ಹೇಳ್ಕೊಂಡು ಬಂದಿದ್ದೆ. ನೋಡಿದ್ರೆ ನೀನು ಆಗ್ಲೇ ಎಲ್ಲದಕ್ಕೂ ಇಲ್ಲ ಅಂತ ಬರೆದಿಟ್ಟಿದ್ದೆ, ನಾನು ಬರೋಕೆ ಮುಂಚೇನೇ. ಅಕ್ಕನಿಗೆ ಎಲ್ಲಾ ಗೊತ್ತಿದ್ದೂ ಇಲ್ಲ ಅಂತ ಬರೆದಿದಾಳೆ ಅಂದ್ರೆ ಅದರಿಂದ ಏನೂ ತೊಂದ್ರೆ ಇರಲ್ಲ ಅಂತ ನಂಗೆ ಧೈರ್ಯ ಬಂತು. ಇರೋ ಹಾಗಿದ್ರೆ ನೀನು ಬರೀತಿದ್ಯಾ." ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು. "ನಿನ್ನಂಥ ಅಕ್ಕ ಯಾರಿಗೂ ಸಿಗಲ್ಲ. ಈ ಸಲ ಹೋಯ್ತು. ಮುಂದಿನ ಸಲ ಸರಿಯಾಗುತ್ತೆ ಬಿಡು. ಇನ್ನೊಂದು ಕಡೆದು ಇದೆಯಲ್ಲ."

ಸುಮ್ಮನಿದ್ದುಬಿಡಬಹುದಿತ್ತು. ಅವಳು ನನ್ನನ್ನು ದೇವರ ಹಾಗೆ ನೋಡುತ್ತಿದ್ದಳು. ನಾನು ಹೂಂ ಅಂದಿದ್ದರೆ ಅದು ಹಾಗೇ ಉಳಿಯುತ್ತಿತ್ತು. ಬಲಗಡೆಯ ನಾಳದ ಮಾತನ್ನು ಮಾತ್ರ ಹೇಳಿ, ಜೊತೆಗೆ ಕೂತು ಅತ್ತು, ಒಳ್ಳೆಯ ಅಕ್ಕನಾಗಿಯೇ ಎದ್ದು ಹೋಗಬಹುದಿತ್ತು. ಒಂದು ಕ್ಷಣ ಬಾಯಿ ಅದಕ್ಕೆ ಸಿದ್ಧವೂ ಆಯಿತು. ಆ ಐವತ್ತೆರಡು ಪುಟಗಳನ್ನು ನೋಡಿರದಿದ್ದರೆ ಹಾಗೇ ಮಾಡುತ್ತಿದ್ದೆ.

"ಇನ್ನೊಂದು ಕಡೆದೂ ಕೆಟ್ಟಿದೆ ಪುಟ್ಟಿ," ಅಂದೆ. "ಆ ಜ್ವರದಿಂದಲೇ ಕೆಟ್ಟಿದ್ದು. ಅದರಿಂದ ಬಸಿರು ನಿಲ್ಲಲ್ಲ ಅಂದ್ರು ಡಾಕ್ಟರಮ್ಮ."

ಅವಳು ನನ್ನ ಕೈ ಬಿಡಲಿಲ್ಲ. ಹಿಡಿತ ಸಡಿಲವಾಯಿತು, ಅಷ್ಟೇ.

"ಆ ಜ್ವರದಿಂದ?" ಅಂದಳು. "ಹಾಗಾದ್ರೆ ನೀನು ಯಾಕೆ ಇಲ್ಲ ಅಂತ ಬರೆದೆ?"

"ನಂಗೆ ಗೊತ್ತಿರ್ಲಿಲ್ಲ. ನಾನು ಆ ಮಾತ್ರೆ ನೋಡೇ ಇಲ್ಲ. ಹೊಟ್ಟೆ ಕೆಟ್ಟಿದೆ ಅಂತಾನೇ ಅಂದ್ಕೊಂಡಿದ್ದೆ. ನಾನು ಯಾರನ್ನೂ ಕೇಳಲ್ಲ ಪುಟ್ಟಿ. ಬೆಳಿಗ್ಗೇನೇ ಎಲ್ಲರ ಫಾರಂಗೂ ಇಲ್ಲ ಅಂತ ಹಾಕಿಟ್ಟಿರ್ತೀನಿ, ಕೆಲಸ ಬೇಗ ಆಗ್ಲಿ ಅಂತ. ನಿಂದು ಆ ರಾಶೀಲಿ ಒಂದು. ಕೇಳಿದ್ರೆ ನೀನು ಹೇಳ್ತಿದ್ದೆ. ಹೇಳಿದ್ರೆ ಅವತ್ತೇ ಸ್ಕ್ಯಾನ್ ಆಗ್ತಿತ್ತು. ಡಾಕ್ಟರಮ್ಮನಿಗೆ ಮಾತ್ರ ಕೇಳ್ದೆ ಅಂತ ಸುಳ್ಳು ಹೇಳಿದೀನಿ."

ಹೇಳಿ ಮುಗಿಸಿದೆ. ಅವಳು ಬೈಯಲಿ, ಹೊಡೆಯಲಿ, ಕೈಗೆ ಸಿಕ್ಕಿದ್ದನ್ನು ಬಿಸಾಡಲಿ ಅಂತ ಕಾದೆ. ಒಡೆದ ನಾಳದ ಬಗ್ಗೆ, ಸತ್ತ ಬಸಿರಿನ ಬಗ್ಗೆ, ಇನ್ನು ಹುಟ್ಟದ ಮಕ್ಕಳ ಬಗ್ಗೆ ಏನು ಕೇಳಿದರೂ ತಲೆ ತಗ್ಗಿಸಿ ಕೇಳಿಸಿಕೊಳ್ಳಲು ತಯಾರಾಗಿದ್ದೆ. ಪುಟ್ಟಿಯ ಕಣ್ಣಲ್ಲಿ ನೀರಿರಲಿಲ್ಲ. ಏನೋ ಲೆಕ್ಕ ತಪ್ಪಿದವಳ ಹಾಗೆ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಇಷ್ಟು ವರ್ಷ ಇದನ್ನ ಹೊತ್ಕೊಂಡು ನಾನೊಬ್ಳೇ ಇದ್ನಾ," ಅಂದಳು.

ಅದನ್ನು ಕೇಳುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

ಅವಳು ನನ್ನ ಕೈಯನ್ನು ನನ್ನ ಮಡಿಲಿಗೇ ವಾಪಸ್ ಇಟ್ಟಳು. ದಿಂಬು ಸರಿಮಾಡಿಕೊಂಡಳು. ಆಮೇಲೆ, ಸಾಲಿನಲ್ಲಿ ನಿಂತ ಅಪರಿಚಿತರು ನನ್ನ ಜೊತೆ ಮಾತಾಡುವ ಹಾಗೆ, ಬಹಳ ಮರ್ಯಾದೆಯಿಂದ ಹೇಳಿದಳು.

"ಅತ್ತೆಯನ್ನ ಕಳಿಸ್ತೀರಾ? ಅವರಿಗೆ ಎಲ್ಲಾ ನಾನೇ ಹೇಳ್ತೀನಿ. ನೀವು ಬರ್ಬೇಡಿ."

ಟೀಚರಮ್ಮ ಬಿಸಿನೀರಿನ ಫ್ಲಾಸ್ಕ್ ಹಿಡಿದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಪುಟ್ಟಿ ಕರೆಯುತ್ತಿದ್ದಾಳೆ ಅಂದೆ. ಆಕೆ ಒಳಗೆ ಹೋದಳು, ಬಾಗಿಲು ಮುಚ್ಚಿತು. ನಾನು ಅದೇ ಬೆಂಚಿನ ಮೇಲೆ ಕೂತೆ. ಒಳಗೆ ತಂಗಿಯ ದನಿ ಮೆಲ್ಲಗೆ ಶುರುವಾಯಿತು. ಏನು ಹೇಳುತ್ತಿದ್ದಾಳೆ ಅಂತ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಹಕ್ಕೂ ನನಗೆ ಉಳಿದಿರಲಿಲ್ಲ.